ಇಳಿಜಾರಿನ ಮೇಲೆ ಒಂಟಿಕಾಲು

ನನ್ನ ತಂಗಿಯ ಮಗಳು ನಮ್ಮ ಬ್ಯಾಲೆ ಕಂಪನಿಯ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇನೆಂದು ಬಂದಾಗ ಕ್ಯಾಮೆರಾದ ಜೊತೆ ಒಂದು ಕುರ್ಚಿಯನ್ನೂ ಶಾಲನ್ನೂ ತಂದಿದ್ದಳು. ನಾನು ಶಾಲು ಹೊದ್ದು ಕುರ್ಚಿಯಲ್ಲಿ ಕೂತು, ಹಳೆಯದನ್ನೆಲ್ಲ ನೆನೆದು ಕಣ್ಣಲ್ಲಿ ನೀರು ತರಬೇಕಂತೆ. ಅಲ್ಲಿಗೆ ಚಿತ್ರ ಮುಗಿಯುತ್ತದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಎಪ್ಪತ್ತು ದಾಟಿದ್ದೇನೆ, ನಿಜ. ಆದರೆ ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಅವರನ್ನೇ ಮತ್ತೆ ಕೂರಿಸುತ್ತೇನೆ.

ನಮ್ಮ ಮೊದಲ ಬ್ಯಾಲೆಯ ಕೊನೆಯಲ್ಲಿ, ಪರದೆ ಬೀಳುವವರೆಗೂ ನಾನು ಒಂಟಿಕಾಲಿನ ಮೇಲೆ ನಿಲ್ಲುತ್ತಿದ್ದೆ. ಚಿತ್ರವೂ ಹಾಗೇ ಮುಗಿಯಬೇಕೆಂದು ಹಟ ಹಿಡಿದೆ. ಚಿತ್ರೀಕರಣದ ಕೊನೆಯ ದಿನ ಅದು. ಊಟದ ಹೊತ್ತಿನೊಳಗೆ ನಿಂತು ತೋರಿಸಿದರೆ ಸರಿ, ಇಲ್ಲದಿದ್ದರೆ ಕುರ್ಚಿ ಎಂದು ಒಪ್ಪಂದವಾಯಿತು.

ಕಂಪನಿಯ ಹೊಸ ಕಟ್ಟಡದ ಅಭ್ಯಾಸದ ಕೋಣೆಯಲ್ಲಿ ನಿಂತೆ. ಹಿಂದಕ್ಕೆ ವಾಲಿದೆ. ಮತ್ತೆ ನಿಂತೆ, ಮತ್ತೆ ವಾಲಿದೆ. ಪ್ರತಿ ಸಲವೂ ಹಿಂದಿದ್ದ ಕಂಬ ಹಿಡಿದುಕೊಂಡ. ಕಂಬ ಎಂದರೆ ನನ್ನ ಜೊತೆ ಕುಣಿಯುತ್ತಿದ್ದವನು. ಎತ್ತಿದವರನ್ನು ಒಮ್ಮೆಯೂ ಕೆಳಗೆ ಹಾಕದ ಕಾರಣ ಆ ಹೆಸರು. ಈಗ ಅವನ ಎರಡು ಮಂಡಿಗಳೂ ಡಾಕ್ಟರು ಹಾಕಿಕೊಟ್ಟವು. ತಂಗಿಯ ಮಗಳು ಕುರ್ಚಿಯ ಧೂಳು ಒರೆಸತೊಡಗಿದಳು. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು.

ತೆಗೆದದ್ದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹಾಕಿಸಿ ನೋಡಿದೆ. ನಾನಷ್ಟೇ ಅಲ್ಲ, ಕಂಬನೂ ಹಿಂದಕ್ಕೆ ವಾಲಿಕೊಂಡೇ ನಿಂತಿದ್ದ. ಗೋಡೆಯ ಬಳಿ ಹರಟುತ್ತಿದ್ದ ನಮ್ಮ ಹಳೆಯ ತಂಡದವರೂ ಹಾಗೇ, ಬಸ್ಸು ಎಲ್ಲಿ ಬ್ರೇಕ್ ಹಾಕೀತೋ ಎಂದು ಮೊದಲೇ ಎಚ್ಚರಗೊಂಡವರಂತೆ. ಈಗಿನ ಹುಡುಗಿಯರು ಮಾತ್ರ ನೆಟ್ಟಗಿದ್ದರು. ನನಗೆ ನಗು ಬಂತು.

“ವಯಸ್ಸಲ್ಲ ಕಣೇ, ನೆಲ,” ಎಂದೆ.

ನೆಲವನ್ನು ದೂರುವ ನರ್ತಕಿಯ ಬಗ್ಗೆ ಜನ ಏನನ್ನುತ್ತಾರೆಂದು ಎಲ್ಲರಿಗೂ ಗೊತ್ತು. ತಂಗಿಯ ಮಗಳು ತುಟಿ ಕಚ್ಚಿ ನಗು ತಡೆದುಕೊಂಡು, “ನೆಲ ಡೊಂಕಾಗಿದ್ಯಾ ದೊಡ್ಡಮ್ಮ?” ಎಂದಳು.

“ಡೊಂಕಾಗಿಲ್ಲ. ಅದೇ ತೊಂದ್ರೆ.”

ವಿವರಿಸಿದೆ. ನಮ್ಮ ಹಳೆಯ ರಂಗಮಂದಿರದ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರಾಗಿತ್ತು, ಹಿಂದಿನ ಸಾಲಿನಲ್ಲಿ ಕುಣಿಯುವವರ ಪಾದವೂ ಕಾಣಲೆಂದು. ಮುಂದಕ್ಕೆ ಮುಗ್ಗರಿಸದಿರಲು ನಾವೆಲ್ಲ ಮೈಭಾರವನ್ನು ಒಂದಿಷ್ಟು ಹಿಂದಿಟ್ಟೇ ಕುಣಿಯಲು ಕಲಿತಿದ್ದೆವು. ಅದನ್ನು ಕೆಡವಿದ ವರ್ಷವೇ ನಾವೂ ಕುಣಿತ ನಿಲ್ಲಿಸಿದೆವು. ರಂಗಮಂದಿರ ಹೋಯಿತು, ವಾಲುವುದು ಮೈಯಲ್ಲೇ ಉಳಿಯಿತು.

ಕಂಪನಿಯ ಬಡಗಿಯನ್ನು ಕರೆಸಿದೆವು. ಅವನು ನೆಲದ ಮೇಲೆ ಹಲಗೆಗಳನ್ನು ಹಾಸಿ, ಅವುಗಳ ಹಿಂಬದಿಯ ಅಡಿಗೆ ಮರದ ತುಂಡುಗಳನ್ನು ಕೊಟ್ಟು, ನಾನು ಹೇಳಿದಷ್ಟು ಇಳಿಜಾರು ಮಾಡಿಕೊಟ್ಟ. ಹಲಗೆ ಚೆನ್ನಾಗಿ ಕಾಣುವುದಿಲ್ಲ, ಸೊಂಟದಿಂದ ಮೇಲಷ್ಟೇ ತೆಗೆಯುತ್ತೇನೆ ಎಂದು ತಂಗಿಯ ಮಗಳು ರಾಗ ಎಳೆದಳು.

“ಹಲಗೆ ಕಾಣ್ಲಿ, ಪಾದಾನೂ ಕಾಣ್ಲಿ. ಕಂಪನಿ ಚರಿತ್ರೆ ಬೇಕು ಅಂದ್ಯಲ್ಲ, ಅದು ಇಲ್ಲೇ ಇರೋದು.”

ಹಲಗೆ ಹತ್ತಿದೆ. ಅಂಗಾಲಿಗೆ ಇಳಿಜಾರು ತಗುಲಿದ್ದೇ ತಡ, ಮೈ ತಾನಾಗಿ ಹದಕ್ಕೆ ಬಂತು. ಒಂದು ಕಾಲು ಎತ್ತಿದೆ. ಕಂಬನ ಕೈ ನನ್ನ ಸೊಂಟದ ಬಳಿ ಬಂದು ಮುಟ್ಟದೆ ನಿಂತಿತು, ಆಗ ನಿಲ್ಲುತ್ತಿದ್ದ ಹಾಗೇ. ನಾನಿದ್ದೇನೆ ಎಂದು ಪಿಸುಗುಟ್ಟಿದ. ಗೊತ್ತು, ಸುಮ್ಮನಿರು ಎಂದೆ. ಖುಷಿಯಿಂದ ಎದೆ ತುಂಬಿ ಬಂತು, ಕಾಲು ಅಲುಗಲಿಲ್ಲ.

ಎಷ್ಟು ಹೊತ್ತಾದರೂ ಕಟ್ ಎನ್ನುವುದು ಕೇಳಿಸಲಿಲ್ಲ. ಸಾಕೆನಿಸಿದಾಗ ನಾನೇ ಕಾಲಿಳಿಸಿ ನೋಡಿದೆ. ತಂಗಿಯ ಮಗಳು ಆ ಕುರ್ಚಿಯಲ್ಲಿ ಕೂತು, ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.