ಒಂದನೇ ನಂಬರಿನ ಬಾಗಿಲು

"ಏಯ್ ಬೇವರ್ಸಿಗಳಾ, ಗೋಡೆಗೆ ತಾಗಿಸ್ಬೇಡಿ! ಮೊನ್ನೆ ಪೇಂಟ್ ಹೊಡೆಸಿದ್ದು!"

ಎರಡನೇ ಮಹಡಿಯ ಅಶೋಕಣ್ಣ ತನ್ನ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆಯುವಾಗ ನಾವು ಉನೈಸಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ಮೆಟ್ಟಿಲು ಇಳಿಸುತ್ತಿದ್ದೆವು. ಮುಂದುಗಡೆ ನನ್ನ ಅಪ್ಪ ಅಂಗಾರ, ಹಿಂದುಗಡೆ ನಾನು ಮತ್ತು ಉನೈಸಣ್ಣನ ಹೆಂಡತಿ ಸಾಲಿಹಕ್ಕ. ಉನೈಸಣ್ಣ ತೆಂಗಿನಕಾಯಿ ಕೊಯ್ಯುತ್ತಿದ್ದವನು. ಮರದಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಗಿದೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಬೇಕು. ಅವರ ಮನೆ ಮೂರನೇ ಮಹಡಿಯಲ್ಲಿ. ಬಡವರಿಗೆಂದು ಕಟ್ಟಿದ ಬಿಲ್ಡಿಂಗಿಗೆ ಲಿಫ್ಟ್ ಯಾಕೆ ಎಂದು ಕಟ್ಟಿದವರಿಗೆ ಅನಿಸಿರಬೇಕು.

"ಸ್ವಲ್ಪ ದಾರಿ ಬಿಡಿ ಧಣಿ," ಅಪ್ಪ ಹೇಳಿದ.

"ಬಾಯಿ ಮುಚ್ಚಿ ಇಳಿ. ಕಸದವನಿಗೆ ಸ್ವರ ಬೇರೆ."

ನಾವು ಕೊರಗರು. ಜಾತಿಯ ಹೆಸರು ಹಿಡಿದು ಬೈದರೆ ಕೇಸಾಗುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಅಪ್ಪ ಗುತ್ತಿಗೆಯಲ್ಲಿ ಚರಂಡಿ ತೆಗೆಯುವವನಾದ್ದರಿಂದ ಕಸದವ ಎನ್ನುತ್ತಾರೆ. ಅದಕ್ಕೆ ಕೇಸಿಲ್ಲ. ಅಶೋಕಣ್ಣನಿಗೆ ಮುಂಡಾಜೆಯಲ್ಲಿ ತೋಟ ಉಂಟು, ಬಂಟ್ವಾಳ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಉಂಟು. ಬಡವರ ಬಿಲ್ಡಿಂಗಿನಲ್ಲಿ ಮನೆಯೂ ಉಂಟು. ಅದು ಹೇಗೆ ಎಂದು ಕೇಳುವಷ್ಟು ನಮಗೆ ಪುರುಸೊತ್ತಿಲ್ಲ.

ಕೆಳಗೆ ನಮ್ಮ ಮನೆಯ ಮುಂದೆ ಕುರ್ಚಿ ಇಳಿಸಿದಾಗ ಉನೈಸಣ್ಣನ ಅಂಗಿಯ ಹಿಂದೆ ರಕ್ತ ಮೂಡಿತ್ತು. ಪ್ರತಿ ಸಲವೂ ಹೀಗೆಯೇ. ಡಾಕ್ಟ್ರು ಕಟ್ಟಿದ ಹುಣ್ಣನ್ನು ಮೆಟ್ಟಿಲು ಒಡೆಯುತ್ತದೆ. ಹೀಗೇ ಆದರೆ ಹುಣ್ಣು ಎಲುಬಿಗೆ ಇಳಿಯುತ್ತದೆ, ಮತ್ತೆ ಜೀವಕ್ಕೇ ಕಷ್ಟ ಎಂದು ಡಾಕ್ಟ್ರು ಹೇಳಿಬಿಟ್ಟಿದ್ದರು.

ಅಪ್ಪ ಮುಖ ಒರೆಸಿಕೊಂಡು, "ಸಾಲಿಹಾ, ಒಂದು ಕೆಲ್ಸ ಮಾಡುವ. ನೀವು ಕೆಳಗೆ ಬನ್ನಿ. ನಾವು ಮೇಲೆ ಹೋಗ್ತೇವೆ," ಎಂದ.

"ನಿಮ್ಮ ಮನೆಗೆ ನೆರೆ ಬರ್ತದಲ್ಲ ಅಂಗಾರಣ್ಣ?"

"ನೆರೆ ಮಳೆಗಾಲದಲ್ಲಿ. ಆಗ ಇವ್ನನ್ನು ನಾನೇ ಹೊತ್ತು ಮೇಲೆ ತರ್ತೇನೆ. ಡ್ರೆಸ್ಸಿಂಗ್ ವಾರ ವಾರ ಅಲ್ವಾ?"

ಉನೈಸಣ್ಣ ರಸ್ತೆಯ ಕಡೆ ನೋಡುತ್ತಿದ್ದ. "ಇಲ್ಲಿಂದ ಬಸ್ಸು ಕಾಣ್ತದೆ," ಎಂದ. ಮಾತು ಅಲ್ಲಿಗೆ ಮುಗಿಯಿತು. ನೆಲಮಹಡಿಯಲ್ಲಿ ನದಿಯ ನೀರಿನ ಜೊತೆ ಚರಂಡಿಯೂ ಒಳಗೆ ಬರುತ್ತದೆ. ಅಲ್ಲಿಂದ ಬಿಡುಗಡೆ ಸಿಗುತ್ತದೆ ಎಂದು ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ.

ಅಪ್ಪ, ಸಾಲಿಹಕ್ಕ, ನಾನು ವಸತಿ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಗಣೇಶಪ್ರಸಾದ್ ಸಾರ್ ನಮ್ಮ ಅರ್ಜಿ ಓದುವ ಮೊದಲೇ ಅಶೋಕಣ್ಣ ಅವರ ಎದುರಿನ ಕುರ್ಚಿಯಲ್ಲಿದ್ದ. ಬಿಲ್ಡಿಂಗಿನ ಸಂಘಕ್ಕೆ ಅವನೇ ಅಧ್ಯಕ್ಷ.

"ನಮಗೆ ಭೇದಭಾವ ಎಂತದೂ ಇಲ್ಲ ಸಾರ್. ಆದ್ರೆ ಸಾಲಿಹನ ಮನೆ ಪಕ್ಕವೇ ಟೆರೇಸಿನ ಮೆಟ್ಲು. ಟ್ಯಾಂಕಿನ ಕೀ ಆ ಮನೆಯಲ್ಲೇ ಇರುದು. ಕುಡಿಯುವ ನೀರಿನ ವಿಷಯ. ಹೈಜೀನ್ ನೋಡ್ಬೇಕಲ್ಲ?"

ಆ ಟ್ಯಾಂಕಿನೊಳಗೆ ಇಳಿದು ಪಾಚಿ ತಿಕ್ಕುವವನು ನನ್ನ ಅಪ್ಪ. ಬೇಸಿಗೆ ಶುರುವಾದ ಕೂಡಲೇ ಅಶೋಕಣ್ಣನೇ ಕರೆಯುತ್ತಾನೆ. ಅಪ್ಪ ಒಳಗೆ ನಿಂತಾಗ ಹೈಜೀನಿಗೆ ಏನೂ ಆಗುವುದಿಲ್ಲ. ಪಕ್ಕದಲ್ಲಿ ಮಲಗಿದರೆ ಆಗುತ್ತದಂತೆ.

ಗಣೇಶಪ್ರಸಾದ್ ಸಾರ್ ಅಶೋಕಣ್ಣನಿಗೆ ತಲೆಯಾಡಿಸಿ ಅಪ್ಪನ ಕಡೆ ತಿರುಗಿದರು. "ಮನೆ ಬದಲಾಯಿಸ್ಲಿಕ್ಕೆ ಇಲ್ಲ ಮಾರಾಯ. ನಿನ್ನದು ಎಷ್ಟನೇ ನಂಬ್ರ?"

"ಒಂದು ಸಾರ್. ಇವರದ್ದು ಹನ್ನೆರಡು."

"ಮನೆ ಕೊಡುವಾಗ ಬಾಗಿಲಿನ ಮುಂದೆ ನಿಲ್ಲಿಸಿ ಫೋಟೋ ತೆಗ್ದಿದ್ದೇವಲ್ಲ? ನಾನು ಬಂದು ನೋಡುವಾಗ ಒಂದನೇ ನಂಬ್ರದ ಬಾಗಿಲಲ್ಲಿ ನೀನು ಇರ್ಬೇಕು, ಹನ್ನೆರಡರಲ್ಲಿ ಇವಳು ಇರ್ಬೇಕು. ಇಲ್ದಿದ್ರೆ ಮನೆ ಕ್ಯಾನ್ಸಲ್."

"ಬಾಗಿಲು ನೋಡುದಾ ಸಾರ್?"

"ಮತ್ತೆ ನಿನ್ನ ಮುಖ ನೋಡ್ಲಿಕ್ಕೆ ಬರುದಾ? ಹೋಗು, ಹೋಗು."

ಅಪ್ಪ ಕೈ ಮುಗಿದು ಹೊರಗೆ ಬಂದ. ಬಸ್ಸು ಹತ್ತುವಾಗ, "ನಿಖಿತಾ, ಸ್ಕ್ರೂಡ್ರೈವರ್ ಯಾರ ಹತ್ರ ಉಂಟು?" ಎಂದು ಕೇಳಿದ.

ಭಾನುವಾರ ಅಪ್ಪ ನಮ್ಮ ಬಾಗಿಲು ಬಿಚ್ಚಿದ. ಸರ್ಕಾರಿ ಬಾಗಿಲುಗಳೆಲ್ಲ ಒಂದೇ ಅಳತೆಯವು, ಆ ಒಂದು ವಿಷಯದಲ್ಲಿ ಸಮಾನತೆ ಉಂಟು. ಒಂದು ಎಂದು ಬರೆದ ಬಾಗಿಲನ್ನು ತಲೆಯ ಮೇಲೆ ಹೊತ್ತು ಮೂರನೇ ಮಹಡಿಗೆ ಹತ್ತಿದ. ಹನ್ನೆರಡು ಎಂದು ಬರೆದದ್ದನ್ನು ನಾನು ಮತ್ತು ಸಾಲಿಹಕ್ಕ ಕೆಳಗೆ ತಂದೆವು. ಬಾಗಿಲಿನ ಹಿಂದೆಯೇ ಎರಡೂ ಮನೆಯ ಸಾಮಾನು ಅದಲು ಬದಲಾಯಿತು. ನಮ್ಮ ಬಾಗಿಲಿನಲ್ಲಿ ಸೊಂಟದಷ್ಟು ಎತ್ತರಕ್ಕೆ ನೆರೆಯ ಕೆಸರಿನ ಗೆರೆ ಇತ್ತು. ಮೇಲೆ ಜೋಡಿಸಿದ ಮೇಲೆ ನೋಡಿದರೆ ಮೂರನೇ ಮಹಡಿಗೇ ನೆರೆ ಬಂದ ಹಾಗಿತ್ತು. ಅಮ್ಮ ನಕ್ಕು ನಕ್ಕು ಹೊಸ್ತಿಲಲ್ಲೇ ಕೂತಳು. ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಎರಡು ವಾರ ಚೆನ್ನಾಗಿತ್ತು. ಅಮ್ಮ ಕಿಟಕಿ ತೆರೆದಿಟ್ಟು ಮಲಗಿದಳು. ಕೆಳಗೆ ಚರಂಡಿಯ ವಾಸನೆಗೆ ನಾವು ಕಿಟಕಿ ತೆರೆದದ್ದೇ ಇಲ್ಲ. ಉನೈಸಣ್ಣ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲಲ್ಲಿ ಕುಳಿತು ಪುಂಜಾಲಕಟ್ಟೆ ಬಸ್ಸು ಇವತ್ತು ಲೇಟು, ನಾಳೆ ಸರಿ ಎಂದು ಹೋಗುವವರಿಗೆಲ್ಲ ವರದಿ ಕೊಡುತ್ತಿದ್ದ. ಆಸ್ಪತ್ರೆಗೆ ರಿಕ್ಷಾ ಮನೆ ಮುಂದೆಯೇ ಬಂತು. ಹುಣ್ಣು ಒಣಗುತ್ತಾ ಉಂಟು ಎಂದು ಡಾಕ್ಟ್ರು ಹೇಳಿದ ದಿನ ಸಾಲಿಹಕ್ಕ ಬಿಲ್ಡಿಂಗಿಗೆಲ್ಲ ತೆಳ್ಳಗಿನ ಅಕ್ಕಿರೊಟ್ಟಿ, ಪತ್ತಿರಿ, ಮಾಡಿ ಕೊಟ್ಟಳು.

ಅಶೋಕಣ್ಣ ಆ ಪತ್ತಿರಿ ತಿನ್ನಲಿಲ್ಲ. ದೂರು ಕೊಟ್ಟ.

ಗಣೇಶಪ್ರಸಾದ್ ಸಾರ್ ಮೊಬೈಲಿನಲ್ಲಿ ಹಳೆಯ ಫೋಟೋ ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದರು. ಅಪ್ಪ, ಅಮ್ಮ, ನಾನು ಒಂದನೇ ನಂಬರಿನ ಬಾಗಿಲಿನ ಮುಂದೆ ಸಾಲಾಗಿ ನಿಂತೆವು. ಫೋಟೋದಲ್ಲಿಯೂ ಹಾಗೆಯೇ ನಿಂತಿದ್ದೆವು.

"ಸರಿ ಉಂಟಾ ಸಾರ್?" ಅಪ್ಪ ಕೇಳಿದ.

"ಇದು ಮೂರನೇ ಮಹಡಿ ಅಲ್ವನಾ, ರಂಡೆಮಗನೇ!"

"ಹೌದು ಸಾರ್. ಬಾಗಿಲು ಒಂದನೇ ನಂಬ್ರದ್ದು."

ಸಾರ್ ಬಾಗಿಲನ್ನು ನೋಡಿದರು, ಫೋಟೋ ನೋಡಿದರು, ಮತ್ತೆ ಬಾಗಿಲನ್ನು ನೋಡಿದರು. ಅವರ ಕಿವಿ ಕೆಂಪಗಾಯಿತು. "ಸರ್ಕಾರದ ಬಾಗಿಲು ಕದ್ದಿದ್ದಿ ಅಂತ ಒಳಗೆ ಹಾಕಿಸ್ತೇನೆ. ತಮಾಷೆ ಮಾಡ್ತೀಯ? ಕಸ ತಿಂದು ಬದುಕುವ ನಿನಗೆ ಮೇಲಿನ ಮನೆ ಬೇಕಾ?"

"ಕಸ ತಿನ್ನುದಿಲ್ಲ ಸಾರ್, ತೆಗಿಯುದು," ಎಂದ ಅಪ್ಪ. "ಬಾಗಿಲನ್ನು ಎಲ್ಲಿಗೂ ಕೊಂಡೋಗ್ಲಿಲ್ಲ. ಇಲ್ಲೇ ಉಂಟು."

ಸಿಟ್ಟು ಬಂದವರು ಸಿಟ್ಟು ಬಂದಲ್ಲಿಗೇ ನಿಲ್ಲುವುದಿಲ್ಲ. ಸಾರ್ ಮೆಟ್ಟಿಲಿನಲ್ಲಿ ನಿಂತು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಹೇಳಿದರು. ಸೋಮವಾರ ಬರುತ್ತಾರಂತೆ. ಈ ಎರಡು ಮನೆ ಮಾತ್ರ ಅಲ್ಲ, ಎಲ್ಲ ಮನೆಗಳ ಬಾಗಿಲನ್ನೂ ಫೋಟೋವನ್ನೂ ತಾಳೆ ನೋಡುತ್ತಾರಂತೆ. ತಾಳೆಯಾಗದ ಮನೆಗೆ ಬೀಗ.

ಎಲ್ಲ ಮಹಡಿಗಳಲ್ಲೂ ಮಿಕ್ಸಿ, ಟಿವಿ ಎಲ್ಲ ಒಮ್ಮೆಲೇ ಬಂದ್ ಆದವು. ಮೊದಲ ಮಹಡಿಯ ಫರ್ಹಾನ ಬೀಡಿ ಕಟ್ಟುವವಳು, ಅವಳ ಮನೆಯ ಫೋಟೋದಲ್ಲಿ ಇರುವುದು ತೀರಿಹೋದ ಅತ್ತೆ. ಅವಳ ಎದುರಿನ ಮನೆಯಲ್ಲಿ ತಮ್ಮನ ಹೆಸರಿನಲ್ಲಿ ಅಣ್ಣ ಇದ್ದಾನೆ. ಅಲ್ಲಿಯವರೆಗೆ ಟ್ಯಾಂಕಿನ ಕೀ ವಿಷಯದಲ್ಲಿ ಅವರಲ್ಲಿ ಹೆಚ್ಚಿನವರು ಅಶೋಕಣ್ಣನ ಕಡೆಯೇ ಇದ್ದರು. ಆ ಸಂಜೆ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದರು. ಪ್ರೀತಿಯಿಂದ ಬಂದದ್ದಲ್ಲ, ಹೆದರಿ ಬಂದದ್ದು. ಆದರೂ ನಮ್ಮ ಮನೆಯೊಳಗೆ ಬಂದು ಕುಳಿತರು. ಅಮ್ಮ ಚಾ ಕೊಟ್ಟಳು. ಕುಡಿದರು.

"ಬೀಗ ಹಾಕ್ಲಿಕ್ಕೆ ಬಾಗಿಲು ಬೇಡ್ವಾ?" ಎಂದು ಕೇಳಿದವಳು ಫರ್ಹಾನ.

ಸೋಮವಾರ ಗಣೇಶಪ್ರಸಾದ್ ಸಾರ್ ಇಬ್ಬರು ಆಳುಗಳನ್ನೂ ಒಂದು ಚೀಲ ಬೀಗವನ್ನೂ ತಂದರು. ಒಂದೇ ಒಂದನ್ನು ಬಿಟ್ಟು ಬಿಲ್ಡಿಂಗಿಗೆ ಬಾಗಿಲುಗಳೇ ಇರಲಿಲ್ಲ. ಉಳಿದ ಎಲ್ಲವನ್ನೂ ಅಂಗಳದಲ್ಲಿ ಒಂದರ ಮೇಲೊಂದು ಅಟ್ಟಿ ಹಾಕಿದ್ದೆವು. ಒಲೆಯ ಮೇಲೆ ಗಂಜಿ ಕುದಿಯುವುದು, ಹಗ್ಗದಲ್ಲಿ ಒಗೆದ ಬಟ್ಟೆ, ಮಂಚದಲ್ಲಿ ಮಲಗಿದ ಮುದುಕಿ ಎಲ್ಲವೂ ರಸ್ತೆಗೆ ಕಾಣುತ್ತಿತ್ತು. ನಾಚಿಕೆಯಾಗುತ್ತಿತ್ತು. ಆದರೆ ಯಾರೂ ಒಳಗೆ ಸರಿಯಲಿಲ್ಲ.

"ಬಾಗಿಲೆಲ್ಲ ಎಲ್ಲಿ?"

"ಅಲ್ಲಿ ಉಂಟು ಸಾರ್, ಎಲ್ಲ ನಂಬ್ರವೂ ಉಂಟು," ಅಪ್ಪ ಅಟ್ಟಿ ತೋರಿಸಿದ. "ನಿಂತದ್ದು ಬೇಕಾದ್ರೆ ಎರಡನೇ ಮಹಡಿಯಲ್ಲಿ ಅಶೋಕಣ್ಣಂದು ಉಂಟು. ಆದ್ರೆ ಅದಕ್ಕೆ ಆಗ್ಲೇ ಬೀಗ ಉಂಟು. ಅವ್ರು ಮುಂಡಾಜೆಗೆ ಹೋಗಿದ್ದಾರೆ."

ಸಾರ್ ಆಳುಗಳಿಗೆ ಕೈ ಮಾಡಿದರು. ಅವರಿಬ್ಬರು ಅಟ್ಟಿ ಕೆದಕಿ ಒಂದನೇ ನಂಬರಿನ ಬಾಗಿಲು ಹುಡುಕಿ ತೆಗೆದರು, ಜೋಡಿಸಿ ಬೀಗ ಹಾಕಲಿಕ್ಕೆ ಅದನ್ನು ಹಿಡಿದುಕೊಂಡು ನೆಲಮಹಡಿಯ ಮನೆಗೆ ಬಂದರು. ಚೌಕಟ್ಟಿನ ನಡುವೆ ಉನೈಸಣ್ಣ ಕುರ್ಚಿಯಲ್ಲಿ ಕೂತಿದ್ದ. ಸಾಲಿಹಕ್ಕ ಹಿಂದೆ ನಿಂತಿದ್ದಳು.

"ಇವ್ನನ್ನು ಎತ್ತಿ ಆಚೆ ಇಡಿ," ಎಂದರು ಸಾರ್.

"ಆಚೆ ಇಡ್ಲಿಕ್ಕೆ ಇಲ್ಲ ಸಾರ್," ಉನೈಸಣ್ಣ ಹೇಳಿದ. ಅವನ ಸ್ವರ ಬಸ್ಸಿನ ಟೈಮ್ ಹೇಳುವ ಹಾಗೆಯೇ ಇತ್ತು. "ನಿಯಮದಲ್ಲಿ ನನ್ನ ಮನೆ ಮೂರನೇ ಮಹಡಿ. ಎತ್ತುದಾದ್ರೆ ಅಲ್ಲಿವರೆಗೆ ಎತ್ಬೇಕು. ವಾರಕ್ಕೊಮ್ಮೆ ಬಂದು ಇಳಿಸ್ಬೇಕು. ಹುಣ್ಣು ಒಡಿತದೆ, ಅದನ್ನೂ ನೀವೇ ನೋಡ್ಬೇಕು. ಎತ್ತಿ."

ಆಳುಗಳಲ್ಲಿ ಒಬ್ಬ ಬಗ್ಗಿ ಕುರ್ಚಿಗೆ ಕೈ ಹಾಕಿದ. ಉನೈಸಣ್ಣನ ಬೆನ್ನಿನ ಪಟ್ಟಿ ಕಂಡಿರಬೇಕು, ಕೈ ತೆಗೆದ. ಇಬ್ಬರೂ ಮೆಟ್ಟಿಲಿನ ಕಡೆ ನೋಡಿದರು. ಆಮೇಲೆ ಬಾಗಿಲನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿದರು.

"ಪೊಲೀಸ್ ಜೀಪು ತರಿಸ್ತೇನೆ," ಎಂದು ಸಾರ್ ಮೊಬೈಲ್ ತೆಗೆದರು. "ಬರುವವರೆಗೆ ನಾನು ಇಲ್ಲಿಂದ ಕದಲುದಿಲ್ಲ."

"ನಾವೂ ಇಲ್ಲೇ ಇರ್ತೇವೆ ಸಾರ್," ಎಂದು ಅಪ್ಪ ಉನೈಸಣ್ಣನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತ.