‘ಸುಡ್ತದೆ’ ಅನ್ನದ ಮನೆ

ಯಳಂದೂರಿನ ಹತ್ತಿರ ರೇಷ್ಮೆ ನೂಲು ಬಿಚ್ಚುವ ಮನೆಯೊಂದಿತ್ತು. ಇಪ್ಪತ್ತು ಒಲೆ, ಇಪ್ಪತ್ತು ಬಾಣಲೆ, ಇಪ್ಪತ್ತು ಹೆಂಗಸರು. ಕೊಳ್ಳೇಗಾಲದಿಂದ ಬಂದ ಗೂಡು ಬಿಸಿನೀರಿನಲ್ಲಿ ಮೆತ್ತಗಾದಾಗ, ಕೂದಲಿಗಿಂತ ತೆಳುವಾದ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕಿ ಚರಕಕ್ಕೆ ಕೊಡಬೇಕು. ಒಬ್ಬಳು ಬೆದರಿ ಕೈ ಕಿತ್ತುಕೊಂಡರೆ ಎಳೆ ಕಡಿಯುತ್ತದೆ, ಪಕ್ಕದವಳೂ ಬೆದರುತ್ತಾಳೆ. ಅದಕ್ಕೇ ಅಲ್ಲೊಂದು ಕಟ್ಟು: ಚರಕ ತಿರುಗುವಾಗ ಯಾರೂ ‘ಸುಡ್ತದೆ’ ಅನ್ನಬಾರದು. ಹೊಸದಾಗಿ ಬಂದವಳಿಗೆ ಮಾದಪ್ಪನ ಪಟದ ಮುಂದೆ ಕೈಮುಗಿಸಿ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ದೊಡ್ಡಮಾದಮ್ಮ ಮದುವೆಯಾಗಿ ಬಂದ ವರ್ಷ ಆ ಮಾತಿಗೆ ತಲೆಯಾಡಿಸಿದ್ದಳು. ಮೂವತ್ತೆರಡು ವರ್ಷ ಅದನ್ನು ಮೀರಲಿಲ್ಲ.

ಆ ಮನೆ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅವಳ ಕುತ್ತಿಗೆಯ ಎಡಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗೆಡ್ಡೆ. ಬಾಯಿಯ ಕ್ಯಾನ್ಸರಿಗೆ ಆಪರೇಷನ್ನು, ಊರವರು ಕರೆಂಟು ಅನ್ನುವ ವಿಕಿರಣ ಚಿಕಿತ್ಸೆ ಎಲ್ಲ ಆದ ಮೇಲೂ ಮತ್ತೆ ಎದ್ದದ್ದು. ಮಗಳು ಪುಷ್ಪ ಅವಳನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. ಅಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುತ್ತಿದ್ದರು.

“ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣ ಅಜ್ಜಿ, ನ್ಯಾನೋ ಕಣ ಅಂತೀವಿ,” ಎಂದರು ಡಾಕ್ಟರ್ ರೂಪ. “ಅದರೊಳಗೆ ಕೀಮೋ ಔಷಧಿ ಇರ್ತದೆ. ಸೂಜಿಲಿ ಗೆಡ್ಡೆಗೆ ಬಿಟ್ಟು ಮೇಲಿಂದ ಬೆಳಕು ಹಾಯಿಸಿದ್ರೆ ಕಣ ಕಾಯ್ತದೆ. ಆ ಬಿಸಿಗೆ ಗೆಡ್ಡೆ ಸೋಲ್ತದೆ, ಔಷಧಿ ಅಲ್ಲೇ ಬಿಚ್ಕೊಳ್ತದೆ. ಮೈಗೆಲ್ಲ ಹರಡೋದು ಕಮ್ಮಿ.”

“ಗೊತ್ತಾಯ್ತು ಬುಡವ್ವ. ಬಿಸಿ ಮುಟ್ಟದೆ ಗೂಡು ಎಳೆ ಬುಡಾಕಿಲ್ಲ.”

ಡಾಕ್ಟರು ನಕ್ಕರು. “ಆದ್ರೆ ತಡೆಯೋಕಾಗದಷ್ಟು ಸುಟ್ಟರೆ ತಕ್ಷಣ ಹೇಳ್ಬೇಕು. ಕ್ಯಾಮೆರಾ ಚರ್ಮದ ಬಿಸಿ ಅಂದಾಜಾಗಿ ತೋರಿಸ್ತದೆ ಅಷ್ಟೆ. ಒಳಗಿಂದು ನೀವೇ ಹೇಳ್ಬೇಕು.”

ಮೊದಲ ದಿನ ಬೆಳಕು ಹಾಯಿಸುತ್ತ ‘ಹೇಗಿದೆ’ ಎಂದು ಮೂರು ಸಲ ಕೇಳಿದರು. ಮೂರು ಸಲವೂ ದೊಡ್ಡಮಾದಮ್ಮ, “ಚೆಂದಾಗದೆ,” ಎಂದಳು. ಮಾರನೆಯ ದಿನ ಕುತ್ತಿಗೆಯ ಮೇಲೆ ಬೊಬ್ಬೆ ಎದ್ದಿತ್ತು.

ಡಾಕ್ಟರು ಬೈಯಲಿಲ್ಲ. “ಒಳಗಿನ ರಕ್ತನಾಳ ಸುಟ್ಟರೆ ಪ್ರಾಣಕ್ಕೇ ಅಪಾಯ ಅಜ್ಜಿ. ಇನ್ನೊಂದು ಸಲ ಮುಚ್ಚಿಟ್ಟರೆ ಈ ಚಿಕಿತ್ಸೆ ನಿಲ್ಲಿಸ್ಬೇಕಾಗ್ತದೆ. ಇದು ಬಿಟ್ಟರೆ ನಿಮಗೆ ಕೊಡೋಕೆ ನಮ್ಮ ಹತ್ರ ಬೇರೇನಿಲ್ಲ.”

ಬೊಬ್ಬೆ ಮಾಯುವ ತನಕ ಇರಲೆಂದು ದೊಡ್ಡಮಾದಮ್ಮ ಊರಿಗೆ ಬಂದಳು. ಮೂವತ್ತೆರಡು ವರ್ಷ ಪಕ್ಕದ ಬಾಣಲೆಯ ಮುಂದೆ ಕೂತಿದ್ದ ಬಸವಮ್ಮ ವಿಷಯ ಕೇಳಿ ಕೋಲೂರಿಕೊಂಡು ಬಂದಳು.

“ಅಲ್ಲ ಕಣಮ್ಮಿ, ಅಷ್ಟು ಓದಿರೋ ಡಾಕ್ಟ್ರಿಗೇ ಸುಳ್ಳೇಳ್ದೆಲ್ಲ! ಊರಲ್ಲಿ ನಾವಿಲ್ವಾ ಅದುಕ್ಕೆ?”

“ಸುಳ್ಳಲ್ಲ ಕಣೆ. ಬಾಯೇ ಬರ್ನಿಲ್ಲ. ಇನ್ನೂ ಚರಕ ತಿರುಗ್ತಾ ಅದೆ ಅನ್ನಿಸ್ತು.”

ಇಬ್ಬರಿಗೂ ಆ ನೂಲಿನ ಮನೆ ನೆನಪಾಯಿತು. ಬೆಳಗಿನ ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ದನಿಯಲ್ಲೇ ಗುರುತು ಹಿಡಿಯುತ್ತಿದ್ದ ದಿನಗಳು. ಒಬ್ಬಳು ಮಾದಪ್ಪನ ಪದ ಎತ್ತಿದರೆ ಹತ್ತೊಂಬತ್ತು ಜನ ದನಿಗೂಡಿಸಿ ಸೊಲ್ಲು ಕೊಡುತ್ತಿದ್ದರು. ಸಂಜೆ ಒಬ್ಬರ ಬೆರಳಿಗೆ ಒಬ್ಬರು ಹರಳೆಣ್ಣೆ ಹಚ್ಚುತ್ತಿದ್ದರು. ಸೀರೆಗೆ ಹತ್ತಿದ ಹುಳುವಿನ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

“ಆ ಕಾಲ್ವೇ ಚೆಂದಾಗಿತ್ತು ಬಸವಿ.”

“ಚೆಂದಾಗಿತ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ನನ್ ಬೆರಳು ಬೆಂದು ಮುದ್ದೆ ಮುರಿಯಾಕಾಗ್ದೆ ಕೂತಿದ್ನಲ್ಲ, ಮರ್ತ್ಯಾ? ನೀನೇ ತುತ್ತು ಕೊಟ್ಟಿದ್ದೆ. ಆ ಕಟ್ಟು ಎಳೆಗೋಸ್ಕರ ನಾವು ಮಾಡ್ಕಂಡಿದ್ದು ಕಣಮ್ಮಿ, ಮಾದಪ್ಪ ಮಾಡಿದ್ದಲ್ಲ. ಎಳೆ ಕಡಿದ್ರೆ ಮತ್ತೆ ಸೇರಿಸ್ಬೋದು. ನಿನ್ನ ಯಾವ ಚರಕದ ಮ್ಯಾಲೆ ಸೇರಿಸನಾ?”

ಹದಿನೈದು ದಿನಕ್ಕೆ ದೊಡ್ಡಮಾದಮ್ಮ ಮತ್ತೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದಳು. ಬೆಳಕು ಕುತ್ತಿಗೆಗೆ ಬಿತ್ತು. ಮೊದಲು ಎಳೆಬಿಸಿಲಿನಂತೆ ಹಿತವಾಗಿತ್ತು. ಆಮೇಲೆ ಒಳಗೆಲ್ಲೋ ಕಾವು ಏರತೊಡಗಿತು. ಹಲ್ಲುಗಳು ತಾವಾಗಿ ಕಚ್ಚಿಕೊಂಡವು. ಬೆರಳುಗಳು ಹಾಸಿಗೆಯ ಬಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದವು. ಅವಳು ಮನಸ್ಸಿನಲ್ಲೇ ಮಾದಪ್ಪನಿಗೆ ಕೈಮುಗಿದಳು. ಅವನ ಪಟದ ಕೆಳಗೆ ಕೂತಿದ್ದ ಆ ಹತ್ತೊಂಬತ್ತು ಜನರಿಗೂ ಮುಗಿದಳು.

“ಡಾಕ್ಟ್ರವ್ವಾ... ಸುಡ್ತದೆ.”

ಬೆಳಕು ಆರಿತು. ಏನೂ ಕಡಿಯಲಿಲ್ಲ. ಯಾರೂ ಬೆದರಲಿಲ್ಲ.

“ಒಳ್ಳೇದಾಯ್ತು ಹೇಳಿದ್ದು. ಈಗ?”

“ಈಗ ಪರ್ವಾಗಿಲ್ಲ. ಅವತ್ತೂ ಸುಟ್ಟಿತ್ತು ಕಣವ್ವ. ಈ ದಿಂಬು ಕಲ್ಲಾಗದೆ. ಸೊಂಟ ಹಿಡ್ಕಂಡದೆ. ನಮ್ ಯಜಮಾನ್ರು ತೀರ್ಕಂಡಾಗ್ಲೂವೆ ನಾನು ಒಂದ್ ಮಾತು...” ದೊಡ್ಡಮಾದಮ್ಮ ಅಳತೊಡಗಿದಳು.

ಡಾಕ್ಟರು ದಿಂಬು ಬದಲಿಸಿ, ಸ್ಟೂಲು ಎಳೆದುಕೊಂಡು ಕೂತರು. ಗೆಡ್ಡೆ ಕರಗುತ್ತದೋ ಇಲ್ಲವೋ ತಿಳಿಯಲು ಇನ್ನೂ ನಾಲ್ಕು ಸಲ ಬರಬೇಕಿತ್ತು. ಅಜ್ಜಿ ಅತ್ತು ಮುಗಿಸುವವರೆಗೂ ಅವರು ಯಂತ್ರ ಮುಟ್ಟಲಿಲ್ಲ.

ಕೊನೆಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಕುತ್ತಿಗೆ ತಿರುಗಿಸಿ ಕೊಟ್ಟಳು.

“ಊಂ, ಆಕವ್ವ ಬೆಳಕ. ಸುಟ್ರೆ ಬಾಯ್ಬುಟ್ಟು ಏಳ್ತೀನಿ.”