ಈಬತ್ತಿ ಬಾತಿನ ಕೊರಳಪಟ್ಟಿ

ಊರಿಗೆ ಆನೆ ಬಂದರೆ ತಮಟೆ ಬಡಿದು ಎಲ್ಲರಿಗೂ ತಿಳಿಸಬೇಕು. ಫಾರೆಸ್ಟಿನವರು ಬರುತ್ತಾರಂತೆ ಎಂಬ ಸುದ್ದಿಗೆ ತಮಟೆಯೂ ಬೇಡ. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕುವಾಗ ಯಾರಾದರೂ ಒಬ್ಬರು ಅಂದರೆ ಸಾಕು, ಮನೆಯಲ್ಲಿ ಕಾಫಿ ಕುದಿಯುವಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿರುತ್ತದೆ. ಹರವೆ ಕಡೆಯ ಕರಿಕಲ್ಲುಪುರದಲ್ಲಿ ಕಳೆದ ಜನವರಿಯಲ್ಲಿ ಅಂಥದೊಂದು ಸುದ್ದಿ ಹುಟ್ಟುವುದರಲ್ಲಿತ್ತು. ಹುಟ್ಟಿಸಬೇಕಾದವಳು ಪುಟ್ಟಮಾದಮ್ಮ. ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೇ ಚೆನ್ನಾಗಿತ್ತು.

ಪುಟ್ಟಮಾದಮ್ಮನಿಗೆ ಹನ್ನೊಂದು ಕುರಿ, ಒಂದು ಹಸು, ಒಬ್ಬ ಗಂಡ. ಮೂರನ್ನೂ ಮೇಯಿಸುವವಳು ತಾನೇ ಎಂದು ಅವಳು ಹೇಳುತ್ತಿದ್ದಳು. ಗಂಡ ರಂಗನಾಯಕ ಅದನ್ನು ಕೇಳಿ ನಗುತ್ತಿದ್ದ, ಅಲ್ಲ ಎನ್ನುತ್ತಿರಲಿಲ್ಲ. ಅವಳ ಕುರಿಗಳಿಗೆ ಊರ ಹಿರಿಕೆರೆಯ ಅಂಗಳವೇ ಗತಿ. ಸಂಕ್ರಾಂತಿ ಹೊತ್ತಿಗೆ ನೀರು ಹಿಂದೆ ಸರಿದಂತೆ ಅಲ್ಲಿ ಎಳೆ ಗರಿಕೆ ಎದ್ದು ಬರುತ್ತದೆ. ಆ ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಸಂಸಾರ.

ಅದೇ ಹುಲ್ಲಿಗೆ ಪ್ರತಿ ಚಳಿಗಾಲದಲ್ಲೂ ಬೇರೆ ನೆಂಟರು ಬರುತ್ತಿದ್ದರು. ಬೂದು ಬಣ್ಣದ ದೊಡ್ಡ ಬಾತುಗಳು. ಬಿಳಿ ತಲೆ, ತಲೆಯ ಹಿಂದೆ ಎರಡು ಅಡ್ಡ ಕರಿಗೆರೆ. ಹಣೆಗೆ ವಿಭೂತಿ ಪಟ್ಟೆ ಎಳೆದುಕೊಂಡ ಅಯ್ಯನವರ ಹಾಗೆ ಗಂಭೀರವಾಗಿ ನಡೆಯುತ್ತಿದ್ದವು. ವಿಭೂತಿಗೆ ಅವಳ ಬಾಯಲ್ಲಿ ಈಬತ್ತಿ ಎಂದೇ ಹೆಸರು. ಹಾಗಾಗಿ ಅವು ಈಬತ್ತಿ ಬಾತುಗಳಾದವು. ಸಂಜೆ ಮನೆಗೆ ಹೊರಡುವ ಮುಂಚೆ ತನ್ನ ಕುರಿಗಳ ಜೊತೆಗೆ ಅವನ್ನೂ ಎಣಿಸುವುದು ಅವಳ ಅಭ್ಯಾಸ. ಒಂದು ಕಾಲದಲ್ಲಿ ಇಡೀ ಕೇರಿಯ ಇನ್ನೂರು ಕುರಿ ಕಾಯ್ದವಳು ಅವಳು. ಕಣ್ಣಲ್ಲೇ ಜೋಡಿ ಜೋಡಿ ಹಿಡಿಯುವುದು, ಹತ್ತು ಜೋಡಿಗೆ ಒಂದು ಕಲ್ಲು ಮಡಿಲಿಗೆ ಹಾಕಿಕೊಳ್ಳುವುದು. ಆ ಗುರುವಾರ ಏಳು ಕಲ್ಲು ಬಿದ್ದು ಮೇಲೆ ಮೂರು ಉಳಿದವು. ನೂರನಲವತ್ತಮೂರು.

ಉಳಿದ ಮೂರರಲ್ಲಿ ಒಂದರ ಕುತ್ತಿಗೆಯಲ್ಲಿ ಹಸಿರು ಪಟ್ಟಿ ಇತ್ತು. ಅದರ ಮೇಲೆ ಏನೋ ಬರೆದಿತ್ತು. ಪುಟ್ಟಮಾದಮ್ಮ ಆಗಲೇ ಕುರಿಗಳನ್ನು ಮನೆ ಕಡೆ ತಿರುಗಿಸಿದಳು.

ಮನೆಗೆ ಬಂದವಳು ಕುರಿ ಕೂಡುವುದಕ್ಕೂ ಮೊದಲೇ ಗಂಡನನ್ನು ಕರೆದಳು.

"ಕೇಳ್ದಾ? ಬಾತ್ಗೆ ಬೆಲ್ಟ್ ಆಕ್ಬುಟ್ಟವ್ರೆ!"

"ಬಾತ್ಗಾ? ಪ್ಯಾಂಟೂ ಆಕವ್ರ ನೋಡು," ಅಂದ ರಂಗನಾಯಕ.

"ನಗ್ಬ್ಯಾಡ ನೀನು. ನಮ್ಮಣ್ಣನ ಊರಲ್ಲಿ ಏನಾಯ್ತು? ಮೊದ್ಲು ಆನೆ ಕುತ್ಗೆಗೆ ಬೆಲ್ಟು. ಆಮೇಲೆ ಟ್ರೆಂಚು. ಆಮೇಲೆ ದನ ಬುಡಂಗಿಲ್ಲ ಅಂದ್ರು."

ರಂಗನಾಯಕನ ನಗು ನಿಂತಿತು. ಪುಟ್ಟಮಾದಮ್ಮನ ಅಣ್ಣ ಮಾದಣ್ಣನ ಊರು ಗುಂಡ್ಲುಪೇಟೆಯಿಂದಾಚೆ, ಕಾಡಂಚಿನಲ್ಲಿ. ಅಲ್ಲಿ ರೇಡಿಯೋ ಕಾಲರ್ ಹಾಕಿದ ಆನೆ ಬರುವುದನ್ನು ಇವರೂ ಕಣ್ಣಾರೆ ನೋಡಿದ್ದರು.

"ಅಂಗಾರೆ ನಮ್ ಕೆರೇನೂ ಕಾಡಿಗೆ ಸೇರ್ಸ್ಕತ್ತಾರ?" ಅಂದ.

"ಇನ್ನೇನ್ ಮತ್ತೆ? ಬೆಲ್ಟು ಸುಮ್ನೆ ಕಟ್ಟಾರ?"

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಗಂಡ ಹೆಂಡತಿ ಇಬ್ಬರೂ ಕೂತು ಆ ಕರುವಿಗೆ ಹೆಸರೂ ಇಟ್ಟರು.

ಶುಕ್ರವಾರ ಸಂಜೆ ಪಕ್ಕದ ಮನೆಯ ಮೇಘನಾ ಬಂದಳು. ದೇವರಾಜುವಿನ ಮಗಳು. ಬದನಗುಪ್ಪೆಯ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸ. ದಿನವಿಡೀ ಅಂಗಿಗಳ ಹೊಲಿಗೆಯಲ್ಲಿ ಹುಳುಕು ಹುಡುಕುವ ಕಣ್ಣು, ಭಾನುವಾರ ಬಂದರೆ ದುರ್ಬೀನು ಹಿಡಿದು ಹಕ್ಕಿ ಹುಡುಕುತ್ತದೆ. ಆ ದುರ್ಬೀನನ್ನು ಅವಳು ಬೋನಸ್ಸಿನಲ್ಲಿ ಕೊಂಡಿದ್ದಳು. ಸರ ಮಾಡಿಸಿಕೊಳ್ಳೆ ಎಂದಿದ್ದ ಅವಳವ್ವ ಇನ್ನೂ ಮುನಿಸಿಕೊಂಡೇ ಇದ್ದಳು.

"ದೊಡ್ಡವ್ವ, ಭಾನುವಾರ ಕೆರೆ ಹಕ್ಕಿ ಎಣಿಸ್ತೀನಿ. ನೀನೂ ಬಾ, ನಿನಗಿಂತ ಕೆರೆ ಯಾರಿಗ್ ಗೊತ್ತು?"

"ಎಣ್ಸಿ ಏನ್ ಮಾಡೀಯೆ?"

"ಪಟ್ಟಿ ಮಾಡಿ ಫೋನಲ್ಲಿ ಹಾಕ್ತೀನಿ. ಲೋಕಕ್ಕೇ ಗೊತ್ತಾಯ್ತದ."

ಲೋಕಕ್ಕೇ ಗೊತ್ತಾಗುತ್ತದೆ ಎಂದರೆ ಫಾರೆಸ್ಟಿಗೂ ಗೊತ್ತಾಗುತ್ತದೆ. ಪುಟ್ಟಮಾದಮ್ಮ ಬೆಲ್ಟಿನ ಮಾತು ಎತ್ತಲಿಲ್ಲ. "ಕೆಲ್ಸ ಅದ ಕಣಮ್ಮಿ, ಬರಾಕಾಗಲ್ಲ," ಅಂದಳು. ಎಣಿಸಲು ಹಕ್ಕಿಯೇ ಇಲ್ಲದಿದ್ದರೆ ಪಟ್ಟಿ ಎಲ್ಲಿಂದ ಬರಬೇಕು? ಹುರುಳಿ ಹೊಲಕ್ಕೆ ಹಂದಿ ಬಂದರೆ ಇರಲಿ ಎಂದು ಮಾದಣ್ಣ ಕೊಟ್ಟಿದ್ದ ಆನೆ ಪಟಾಕಿಯ ಕಟ್ಟು ಅಟ್ಟದ ಮೇಲಿತ್ತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಒಬ್ಬಳೇ ಕೆರೆ ಏರಿ ಹತ್ತಿದಳು. ಬಾತುಗಳು ನೀರಂಚಿನಲ್ಲಿ ಗರಿಕೆ ಕೀಳುತ್ತಿದ್ದವು. ಒಂದು ತಲೆ ಎತ್ತಿ ಅವಳನ್ನು ನೋಡಿತು, ಮತ್ತೆ ಮೇಯತೊಡಗಿತು. ದಿನಾ ನೋಡುವ ಮುಖ, ಹೆದರುವುದೇಕೆ? ಪುಟ್ಟಮಾದಮ್ಮ ಕಣ್ಣು ಮುಚ್ಚಿ ಪಟಾಕಿಗೆ ಬೆಂಕಿ ಇಟ್ಟಳು.

ಕಣ್ಣು ಬಿಟ್ಟಾಗ ಕೆರೆಗೆ ಕೆರೆಯೇ ಎದ್ದಿತ್ತು. ಅಷ್ಟು ರೆಕ್ಕೆ ಒಟ್ಟಿಗೆ ಬಡಿಯುವುದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾತುಗಳು ಕೂಗುತ್ತಾ ತಲೆಯ ಮೇಲೆ ಎರಡು ಸುತ್ತು ಹಾಕಿದವು. ಎಳೆ ಬಿಸಿಲಿಗೆ ಹೊಟ್ಟೆಗಳು ಬೆಳ್ಳಗೆ ಹೊಳೆದವು. ಎಷ್ಟು ಚಂದ! ಪಟಾಕಿ ಹಚ್ಚಿದ ಕೈಯನ್ನೇ ಗಲ್ಲಕ್ಕೆ ಹಿಡಿದು ಅವಳು ನೋಡುತ್ತ ನಿಂತಳು. ಆಮೇಲೆ ಅವು ಗೆರೆ ಕಟ್ಟಿ ತೆಂಕಲಿಗೆ ಹೋಗಿಬಿಟ್ಟವು. ಅವುಗಳ ಹಿಂದೆ ಕೊಕ್ಕರೆ, ನೀರುಕೋಳಿ, ಹೆಸರು ತಿಳಿಯದ ಪುಟಾಣಿಗಳೂ ಹೋದವು. ಕೆರೆ ತೊಳೆದಿಟ್ಟ ತಟ್ಟೆಯ ಹಾಗೆ ಉಳಿಯಿತು. ಗೆದ್ದೆ ಎಂದುಕೊಳ್ಳಲು ನೋಡಿದಳು, ಆಗಲಿಲ್ಲ. ಅಂದು ಅವಳಿಗೆ ಮುದ್ದೆ ಸೇರಲಿಲ್ಲ.

ಭಾನುವಾರ ಒಂಬತ್ತು ಗಂಟೆಗೆ ಮೇಘನಾ ಕೆರೆಯಿಂದ ನೇರ ಇವರ ಜಗಲಿಗೆ ಬಂದು ಕುಸಿದು ಕೂತಳು. ಅವಳ ಪುಸ್ತಕದ ಹಾಳೆ ಖಾಲಿಯಾಗಿತ್ತು.

"ಒಂದೂ ಇಲ್ಲ ದೊಡ್ಡವ್ವ. ಏರಿ ಮೇಲೆ ಪಟಾಕಿ ಕಾಗದ ಬಿದ್ದದ. ಯಾರ್ ಹೊಡುದ್ರು, ನೋಡ್ದಾ?"

ರಂಗನಾಯಕ ಬೀಡಿ ಹುಡುಕುವ ನೆಪದಲ್ಲಿ ಒಳಗೆ ಹೋದ. ಪುಟ್ಟಮಾದಮ್ಮ ಸೆರಗಿನ ತುದಿ ತಿರುವಿದಳು.

"ನಾನೇ ಕಣಮ್ಮಿ."

"ನೀನಾ?"

"ಬೆಲ್ಟ್ ಇತ್ತು ಕಣವ್ವ ಒಂದಕ್ಕೆ. ಅಸ್ರು ಬೆಲ್ಟು. ಆನೆಗ್ ಆಕ್ದಂಗೆ. ಕೆರೆ ಕಿತ್ಕತ್ತಾರೆ ಅಂತ ಎದ್ರುಬುಟ್ಟೆ."

ಬೈಯುತ್ತಾಳೆ ಎಂದುಕೊಂಡರೆ ಮೇಘನಾ ಎದ್ದು ನಿಂತಳು. "ಹಸಿರು ಪಟ್ಟಿನಾ? ಏನ್ ಬರ್ದಿತ್ತು? ಜ್ಞಾಪಕ ಮಾಡ್ಕೊ."

"ಮೊದ್ಲು ಒಂದು ಕುಡ್ಲು ಇತ್ತು. ಅದ್ರ ಪಕ್ಕ ನಾಕು, ಒಂದು."

ಮೇಘನಾ ಮೊಬೈಲು ತೆಗೆದು ಬೆರಳಾಡಿಸಿ ಒಂದು ಫೋಟೋ ತೋರಿಸಿದಳು. ಈಬತ್ತಿ ಬಾತು. ಕುತ್ತಿಗೆಯಲ್ಲಿ ಹಸಿರು ಪಟ್ಟಿ. ಪಟ್ಟಿಯ ಮೇಲೆ ಕುಡುಗೋಲಿನ ಹಾಗೆ ಬಾಗಿದ ಇಂಗ್ಲಿಷಿನ ‘ಸಿ’, ಆಮೇಲೆ ನಲವತ್ತೊಂದು.

"ಇದೇ ಕಣವ್ವ! ಇದೇಯ!"

"ಇದು ಹೋದ ವರ್ಷ ನಮ್ ಕೆರೇಲೇ ತೆಗ್ದಿದ್ದು. ಇದಕ್ಕೆ ಪಟ್ಟೆತಲೆ ಹೆಬ್ಬಾತು ಅಂತಾರೆ. ಪಟ್ಟಿ ಕಟ್ಟಿದ್ದು ನಮ್ಮೋರಲ್ಲ ದೊಡ್ಡವ್ವ, ಮಂಗೋಲಿಯ ಅನ್ನೋ ದೇಶದೋರು. ಚೀನಾದಿಂದಾಚೆ ಅದ. ಬರೀ ಪ್ಲಾಸ್ಟಿಕ್ಕು, ದೂರದಿಂದ ನಂಬರ್ ಓದ್ಲಿ ಅಂತ. ಯಾವ ಹಕ್ಕಿ ಎಲ್ಲಿಗೋಯ್ತದೆ ಅಂತ ತಿಳ್ಕೊಳಾಕೆ."

"ಅಷ್ಟು ದೂರ್ದಿಂದ ಇಲ್ಲಿಗೆ ನಡ್ಕಂಡ್—" ಅನ್ನಲು ಹೊರಟು ಪುಟ್ಟಮಾದಮ್ಮ ನಾಲಿಗೆ ಕಚ್ಚಿಕೊಂಡಳು.

"ಹಿಮಾಲಯ ದಾಟ್ಕೊಂಡು ಹಾರಿ ಬತ್ತವ. ನಾವು ನಿಂತ್ರೆ ಉಸ್ರು ಸಿಗದ ಎತ್ತರದಲ್ಲಿ. ಅಷ್ಟು ದೂರ ಹಾರಿ ಹೋದ್ ವರ್ಷ ಬಂದಿದ್ ಕೆರೇನೇ ಹುಡುಕ್ಕೊಂಡು ಬಂದದ ನೋಡು. ದಾರೀಲಿ ಎಷ್ಟು ಕೆರೆ ಇಲ್ಲ? ನಮ್ದೇ ಬೇಕು ಅದ್ಕೆ."

ಪುಟ್ಟಮಾದಮ್ಮ ಕೆರೆ ಕಡೆ ತಿರುಗಿ ನೋಡಿದಳು. ಯಾವ ಸೀಮೆಯಿಂದಲೋ ತನ್ನ ಕೆರೆಯನ್ನೇ ನೆಚ್ಚಿಕೊಂಡು ಬಂದ ಜೀವ. ಅದನ್ನು ತಾನು ಪಟಾಕಿ ಹೊಡೆದು ಓಡಿಸಿದ್ದಳು.

ಒಳಗಿಂದಲೇ ರಂಗನಾಯಕ ಕೇಳಿದ, "ಮತ್ತೆ ಮಾದಣ್ಣನೂರಲ್ಲಿ ಟ್ರೆಂಚ್ ಒಡುದ್ರಲ್ಲಮ್ಮಿ?"

"ಅದು ಆನೆ ಹೊಲಕ್ಕೆ ಬರ್ದೆ ಇರ್ಲಿ ಅಂತ ಊರೋರೇ ಅರ್ಜಿ ಕೊಟ್ಟು ಹೊಡ್ಸಿದ್ದು, ದೊಡ್ಡಪ್ಪ. ಮಾದಣ್ಣ ಮಾವನ್ನೇ ಕೇಳು. ಅಲ್ಲಿರೋದು ಕಾಡು. ಇದು ಊರ ಕೆರೆ. ಹಕ್ಕಿ ಪಟ್ಟಿ ಬರ್ದಿದ್ದಕ್ಕೆಲ್ಲ ಬೇಲಿ ಬರಲ್ಲ. ಕೆರೆಗೆ ಏನಾಗ್ಬೇಕು ಅಂತ ಗ್ರಾಮಸಭೇಲಿ ನೀವೇ ಮಾತಾಡ್ಬೇಕು. ನೀವು ಅಲ್ಲಿಗೆ ಬರೋದೇ ಇಲ್ಲ."

ಮಾದಣ್ಣನಿಗೆ ಆಗಲೇ ಫೋನು ಹೋಯಿತು. "ನಾನೇ ಮೊದ್ಲು ರುಜು ಆಕಿದ್ದು ಕಣ್ಲಾ ಆ ಅರ್ಜಿಗೆ," ಅಂದ ಮಾದಣ್ಣ. ರಂಗನಾಯಕ ಫೋನಿಟ್ಟು ಹೆಂಡತಿಯ ಮುಖ ನೋಡಿದ.

"ಇನ್ನೊಂದು ಹೇಳ್ಲಾ?" ಅಂದಳು ಮೇಘನಾ. "ಹುಲ್ಲು ಮೊಣಕಾಲುದ್ದ ಬೆಳೆದ್ರೆ ಈ ಬಾತು ಇಳಿಯಲ್ಲ. ನಿನ್ ಕುರಿ ಮೇಯ್ದು ಗಿಡ್ಡ ಮಾಡಿರೋ ಗರಿಕೆನೇ ಅವುಕ್ಕೆ ರುಚಿ. ನಿನ್ ಕುರಿ, ಆ ಬಾತು, ಒಂದೇ ತಟ್ಟೇಲಿ ಉಣ್ಣೋರು."

ಅಂದಿನಿಂದ ಪುಟ್ಟಮಾದಮ್ಮ ಕುರಿಗಳ ಮೇಲಿಗಿಂತ ಆಕಾಶದ ಮೇಲೆ ಕಣ್ಣಿಟ್ಟಳು. ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಉಳಿದ ಪಟಾಕಿಗಳನ್ನು ನೀರಿನ ಬಕೆಟ್ಟಿನಲ್ಲಿ ನೆನೆಸಿ ಹಾಳು ಮಾಡಿದಳು. ಬೆಟ್ಟದ ಮಾದಪ್ಪನಿಗೆ ಒಂದು ಧೂಪದ ಹರಕೆ ಹೊತ್ತಳು. ಶುಕ್ರವಾರ ಸಂಜೆ ತೆಂಕಲ ಕಡೆಯಿಂದ ಕೂಗು ಕೇಳಿಸಿತು. ಕೇಳಿಸಿದ್ದೇ ತಡ, ಕುರಿಗಳನ್ನು ಅಲ್ಲೇ ಬಿಟ್ಟು ಏರಿ ಮೇಲೆ ಓಡಿ ಫ್ಯಾಕ್ಟರಿ ಬಸ್ಸಿನಿಂದ ಇಳಿದು ಬರುತ್ತಿದ್ದ ಮೇಘನಾಳನ್ನು ಕೈ ಬೀಸಿ ಕರೆದಳು.

ಗೆರೆ ಗೆರೆಯಾಗಿ ಬಂದು ಬಾತುಗಳು ನೀರಿಗೆ ಇಳಿದವು. ಮೇಘನಾ ಫೋಟೋ ಹೊಡೆದು ಎಣಿಸಿದಳು.

"ನೂರಮೂವತ್ತೇಳು ದೊಡ್ಡವ್ವ."

"ಇಲ್ಲ. ನೂರನಲವತ್ತೊಂದು." ಪುಟ್ಟಮಾದಮ್ಮ ಮಡಿಲು ಬಿಚ್ಚಿದಳು. ಏಳು ಕಲ್ಲು, ಮೇಲೊಂದು.

ಫೋಟೋವನ್ನು ದೊಡ್ಡದು ಮಾಡಿ ಮತ್ತೆ ಎಣಿಸಿದರೆ ನೂರನಲವತ್ತೊಂದೇ! ದುರ್ಬೀನು ಹಿಡಿದು ಹತ್ತು ಕೆರೆ ಸುತ್ತಿದ್ದ ಹುಡುಗಿ ಬೆರಗಾಗಿ ಆ ಹೆಂಗಸನ್ನು ನೋಡಿದಳು. ಜಗತ್ತಿನಲ್ಲಿ ಎಷ್ಟು ವಿದ್ಯೆ ಹೀಗೆ ಸೀರೆ ಮಡಿಲಿನಲ್ಲಿ ಉಳಿದಿದೆಯೋ! ಅವಳು ದುರ್ಬೀನನ್ನು ಪುಟ್ಟಮಾದಮ್ಮನ ಕಣ್ಣಿಗೆ ಹಿಡಿದಳು. ಕುಡುಗೋಲು, ನಾಲ್ಕು, ಒಂದು. ಅಲ್ಲೇ ಇತ್ತು, ಕೊಕ್ಕಿನಿಂದ ರೆಕ್ಕೆ ತಿದ್ದಿಕೊಳ್ಳುತ್ತಿತ್ತು.

"ಬಂದ್ಯಾ ನನ್ನಪ್ಪ," ಅಂದು ಪುಟ್ಟಮಾದಮ್ಮ ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಎರಡು ಕಮ್ಮಿ ಅವಲ್ಲಮ್ಮಿ?"

"ಬೇರೆ ಕೆರೇಲಿ ಉಳ್ಕೊಂಡಿರ್ಬೋದು."

"ಇದ್ರೂ ಇರ್ಬೋದು," ಅಂದಳು ಪುಟ್ಟಮಾದಮ್ಮ. ಆದರೆ ಆ ಎರಡು ಅವಳ ಲೆಕ್ಕದಿಂದ ಹೋಗಲಿಲ್ಲ.

ಮುಂದಿನ ಗ್ರಾಮಸಭೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಕೆರೆಯಲ್ಲಿ ಹಕ್ಕಿ ನೋಡುವ ಮಾತು ಬಂದಾಗ ಹಿಂದಿನ ಸಾಲಿನಿಂದ ಮೂಗಯ್ಯ ಎದ್ದ. ಕೆರೆ ಬಯಲಲ್ಲಿ ದನ ಮೇಯಿಸುವವನೇ ಅವನೂ. "ಅಕ್ಕಿ ಬಂದದೆ ಅಂತ ಬರ್ಕಂಡ್ರೆ ಕೆರೆ ಓಯ್ತದೆ ಕಣ್ರಪ್ಪ, ಓಡ್ಸಿ ಅತ್ಲಾಗೆ!" ಅಂದ.

ಪುಟ್ಟಮಾದಮ್ಮ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು.

"ನಾನೂ ಅಂಗೇ ಅನ್ಕಂಡಿದ್ದೆ ಮೂಗಣ್ಣ. ಅವತ್ತು ಪಟಾಕಿ ಒಡ್ದವ್ಳು ನಾನೇ. ಅಷ್ಟು ದೂರದಿಂದ ನಮ್ಮನ್ನ ನಂಬ್ಕಂಡ್ ಬಂದಿದ್ದೋ. ನೂರನಲವತ್ಮೂರು ಇದ್ದೋ, ವಾಪಸ್ ಬಂದಿದ್ದು ನೂರನಲವತ್ತೊಂದು. ಕೇಳಿ ತಿಳ್ಕಳಾಕೆ ಪಕ್ಕದ ಮನೆಗೆ ಓಗಿದ್ರೆ ಸಾಕಿತ್ತು. ಆ ಎರಡು ಎಲ್ಲೋದೋ, ನೀ ಯೋಳು."

ಮೂಗಯ್ಯ ಕೂತ. ಕೆರೆ ಬಳಿ ಪಟಾಕಿ ಹೊಡೆಯಬಾರದು, ಕೆರೆ ಅಂಗಳಕ್ಕೆ ಕಸ ಸುರಿಯಬಾರದು, ಕುರಿ ದನ ಎಂದಿನಂತೆ ಮೇಯಲಿ ಎಂದು ಅಂದೇ ಬರೆದುಕೊಂಡರು. ಭಾನುವಾರ ಹಕ್ಕಿ ಎಣಿಸುವಾಗ ಪುಟ್ಟಮಾದಮ್ಮನ ಲೆಕ್ಕವನ್ನೇ ಪುಸ್ತಕಕ್ಕೆ ಬರೆಯಬೇಕು ಎಂದು ಮೇಘನಾ ಸೇರಿಸಿದಳು.

ಮಾರ್ಚಿನಲ್ಲಿ ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಈಬತ್ತಿ ಬಾತುಗಳು ತಾವಾಗಿಯೇ ಎದ್ದು ಬಡಗಲಿಗೆ ಗೆರೆ ಕಟ್ಟಿದವು. ಈ ಸಲ ಪುಟ್ಟಮಾದಮ್ಮ ಕಣ್ಣು ಮುಚ್ಚಲಿಲ್ಲ. ಕೊನೆಯದು ಕಾಣದಾಗುವವರೆಗೆ ನಿಂತು, ಕೈಯೆತ್ತಿ ಕೂಗಿದಳು: "ಮುಂದ್ಲೊರ್ಸ ಬನ್ನಿ! ಆ ಎರಡನ್ನೂ ಕರ್ಕಂಡ್ ಬನ್ನಿ!"

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಕೆರೆಗೂ ಯಾರೋ ಬಂದಿರುತ್ತಾರೆ. ನಾಳೆ ಬೆಳಿಗ್ಗೆ ಏರಿ ಮೇಲೆ ಒಂದು ಗಳಿಗೆ ಸದ್ದಿಲ್ಲದೆ ನಿಂತು ನೋಡಿ. ಎಂದೂ ಕಾಣದ ಹಕ್ಕಿ ಕಂಡರೆ ಅಟ್ಟಬೇಡಿ, ಕಲ್ಲು ಎಸೆಯಬೇಡಿ. ಕುತ್ತಿಗೆಯಲ್ಲೋ ಕಾಲಲ್ಲೋ ಪಟ್ಟಿ ಇದ್ದರೆ ಅದರ ಬಣ್ಣ, ಅಕ್ಷರ, ನಂಬರು, ಕಂಡ ದಿನ ಬರೆದಿಟ್ಟುಕೊಂಡು ತಿಳಿದವರಿಗೆ ಹೇಳಿ. ಓದು ಬರದಿದ್ದರೂ ಚಿಂತೆಯಿಲ್ಲ, ಕುಡುಗೋಲಿನ ಹಾಗಿತ್ತು ಎಂದರೂ ಸಾಕು. ಅನುಮಾನ ಬಂದರೆ ಪಟಾಕಿ ಹುಡುಕಬೇಡಿ, ಪಕ್ಕದ ಮನೆಯ ಬಾಗಿಲು ತಟ್ಟಿ. ಹಿಮಾಲಯ ದಾಟಿ ನಿಮ್ಮ ಕೆರೆಯನ್ನೇ ಹುಡುಕಿಕೊಂಡು ಬಂದವರ ಲೆಕ್ಕದಲ್ಲಿ ನಿಮ್ಮಿಂದಾಗಿ ಒಂದೂ ಕಡಿಮೆಯಾಗದಿರಲಿ.